ಕಲ್ಲು ಬೆವರಿದ ದಿನ

"ಕೇಳಿರಪ್ಪೋ ಕೇಳಿ! ಅರಸು ವೀರಮಲ್ಲರ ಮೂರು ಒಗಟು ಬಿಡಿಸಿದವರಿಗೆ ಕೆರೆ ಕೆಳಗಿನ ಗದ್ದೆ. ತಪ್ಪಿದವರಿಗೆ ಶೂಲ! ಅಮಾವಾಸ್ಯೆಯೊಳಗೆ ಯಾರೂ ಬಿಡಿಸದಿದ್ದರೆ ಬಾವಿ ತೋಡುವ ಓಬಳನಿಗೂ ಶೂಲವೇ!"

ಡಂಗುರ ಕೇಳಿ ಓಬಳನ ಮಗ ದುರುಗ ಕೈಲಿದ್ದ ಗುದ್ದಲಿ ಕೆಳಗಿಟ್ಟ. ಅರಮನೆಯ ಬಾವಿ ತೋಡುವಾಗ ಅಪ್ಪನ ಹಾರೆ ಕರಿಬಂಡೆಯೊಳಗಿನ ಪೊಳ್ಳೊಂದಕ್ಕೆ ತಾಗಿತ್ತು. ಒಳಗೆಲ್ಲ ಫಳಫಳ ಹೊಳೆಯುವ ಬಿಳಿ ಹರಳು. ಪಾಪ, ಓಬಳ ಅದನ್ನು ತಂದು ಅರಸನಿಗೇ ಒಪ್ಪಿಸಿದ. ಖಜಾನೆಯ ವಜ್ರ ಕಳೆದುಕೊಂಡು ಕುದಿಯುತ್ತಿದ್ದ ಅರಸ, "ಕದ್ದು ಬಚ್ಚಿಟ್ಟವನು ನೀನೇ" ಎಂದು ಸೆರೆಗೆ ನೂಕಿದ. ಅನುಮಾನ ಹೊಕ್ಕ ಅರಸನಿಗೆ ಬುದ್ಧಿ ಹೇಳುವವರು ಯಾರು ಹೇಳಿ! ಆದರೆ ಹರಳನ್ನು ಒಳಗಿಡಲು ಬಂಡೆಗೆ ಒಂದು ಬಿರುಕೂ ಕಾಣದ್ದು ಅವನ ನಿದ್ದೆ ಕೆಡಿಸಿತು. ಅದಕ್ಕೇ ಈ ಒಗಟುಗಳು.

ಪಾಳೆಗಾರನ ಮಗನೊಬ್ಬ ಬಂದು "ಎಲ್ಲ ನಾಗರಾಜನ ಕೆಲಸ" ಎಂದ, ಶೂಲಕ್ಕೆ ಹೋದ. ರತ್ನದ ವ್ಯಾಪಾರಿ "ಮಾಟಗಾರರದ್ದು" ಎಂದ, ಅವನೂ ಹೋದ. ಆಮೇಲೆ ದುರುಗ ಬಂದು ನಿಂತ. ಅರಸ ಒಂದೊಂದೇ ಒಗಟು ಹಾಕಿದ.

"ಬಾಗಿಲಿಲ್ಲದ ಆ ಕೋಣೆ ಕಟ್ಟಿದವರು ಯಾರೋ?"

"ಗಾಳಿ, ಒಡೆಯಾ. ಈ ಬಂಡೆ ಒಂದು ಕಾಲಕ್ಕೆ ಕುದಿಯೋ ಅಂಬಲಿ ಹಂಗಿತ್ತು ಅಂತ ನಮ್ಮ ತಾತ ಹೇಳ್ತಿದ್ದ. ಆಗ ಎದ್ದ ಗುಳ್ಳೆ ಒಡೀದೆ ಹಂಗೇ ಗಟ್ಟಿಯಾಯ್ತು."

"ಒಳಗೆ ಹರಳು ಹೊತ್ತು ತಂದವರು?"

"ಬಿಸಿನೀರು. ಕಣ್ಣಿಗೆ ಕಾಣದ ಸಂದೀಲೂ ಅದು ನುಸುಳ್ತದೆ. ಹೋಗ್ತಾ ಹೋಗ್ತಾ ಕಲ್ಲನ್ನೂ ಕರಗಿಸಿಕೊಳ್ತದೆ, ನೋಡಿದರೆ ತಿಳಿನೀರೇ. ಪೊಳ್ಳಲ್ಲಿ ನಿಂತು ನಿಧಾನಕ್ಕೆ ಆರಿದಾಗ ಕರಗಿದ್ದೆಲ್ಲ ಹರಳುಗಟ್ತದೆ. ಹಂಡೆ ತಳಕ್ಕೆ ಬಿಳಿ ಪದರ ಕಟ್ಟಲ್ವಾ? ಹಂಗೇ. ಇದಕ್ಕೆ ಸಾವಿರಾರು ವರ್ಷ ಬೇಕು, ಅಷ್ಟೇ."

"ಹಾಗಾದರೆ ಹೊತ್ತು ತಂದವನು ಈಗ ಎಲ್ಲಿ ಅಡಗಿದ್ದಾನೆ?"

ದುರುಗನ ಜನ ಬಾವಿ ತೋಡಲು ಹೋದಲ್ಲೆಲ್ಲ ಮೂರು ಕಲ್ಲು ಹೂಡಿ ಒಲೆ ಹಚ್ಚುವವರು. ಬಿಳಿ ಹರಳಿರುವ ಕಲ್ಲನ್ನು ಮಾತ್ರ ಅವ್ವ ಒಲೆಗೆ ಇಡಗೊಡುತ್ತಿರಲಿಲ್ಲ. "ಅದು ಬೆವರ್ತದೆ ಕಣೋ, ತೆಗಿ ಆಚೆ!" ಎಂದು ಗದರುತ್ತಿದ್ದಳು. ಅದು ನೆನಪಾಯಿತು.

"ಹರಳಿನೊಳಗೇ ಅವ್ನೆ ಒಡೆಯಾ. ಕೆಂಡ ತರಿಸಿ."

"ನನ್ನ ವಜ್ರ ಸುಟ್ಟುಹೋದರೆ?"

"ನನ್ನ ಜೀವ ತಕ್ಕಳಿ. ಅಪ್ಪನ್ನ ಬಿಡಿ."

ಕೆಂಡದ ಮೇಲೆ ಹರಳು ಚಿಟಚಿಟ ಎಂದಿತು, ಉಬ್ಬಿತು, ಹೊಳಪು ಕಳೆದುಕೊಂಡು ಸುಣ್ಣದ ಹಾಗೆ ಬೆಳ್ಳಗಾಯಿತು. ದುರುಗ ಅದರ ಮೇಲೆ ಹಿಡಿದ ತಣ್ಣನೆಯ ತಟ್ಟೆಗೆ ನೀರಿನ ಹನಿ ಕಟ್ಟಿತು.

"ತಂದವನು ಇವನೇ. ವಜ್ರ ಎಲ್ಲಾದರೂ ಬೆವರ್ತದಾ ಒಡೆಯಾ?"

ಹೊರಗಿನ ಎರಡು ಶೂಲಗಳ ಕಡೆ ನೋಡಲು ಅರಸನಿಗೆ ಧೈರ್ಯವಾಗಲಿಲ್ಲ. ಗದ್ದೆಯನ್ನು ದುರುಗನ ಹೆಸರಿಗೆ ಬರೆಸಿ ಓಬಳನನ್ನು ಕರೆತರಿಸಿದ.

ನಲವತ್ತು ದಿನ ಕತ್ತಲೆಯಲ್ಲಿದ್ದ ಓಬಳ ಬಿಸಿಲಿಗೆ ಕಣ್ಣು ಬಿಡಲಾರದೆ ಮಗನ ತೋಳು ತಡವಿ ಹಿಡಿದ.

"ಬಾವೀಲಿ ನೀರು ಬಿತ್ತೇನೋ ಮಗಾ?"

"ಇಲ್ಲಪ್ಪಾ. ನಿನ್ನ ಹಿಡಕೊಂಡು ಹೋದ ಮೇಲೆ ಯಾರೂ ಇಳಿದಿಲ್ಲ."

ಅರಸನಿಗೂ ಅದು ಕೇಳಿಸಿತು. ಅಗೆದು ಮುಗಿಸಿಕೊಡಿ ಎನ್ನಲು ಮಾತ್ರ ಅವನಿಗೆ ಬಾಯಿ ಬರಲಿಲ್ಲ. ಅಪ್ಪ ಮಗ ಹಾರೆ ಎತ್ತಿಕೊಂಡು ಗದ್ದೆಯ ಕಡೆ ಹೊರಟೇಬಿಟ್ಟರು.