ಲೇಪಕ್ಕೆ ಮುನಿದ ರೇಷ್ಮೆ ಹುಳ

ಬಾ ಇಲ್ಲಿ, ಬೆಳಕಿಗೆ ಬಾ, ಮುಖ ತೋರ್ಸು. ಅಯ್ಯೋ ನಿನ್ನ, ನಿಮ್ಮಮ್ಮ ಕಣ್ಣಿನ ಕೆಳಗೆ ಹಚ್ಕೊಳ್ಳೋ ಕ್ರೀಮನ್ನೆಲ್ಲ ಮೂಗಿಗೇ ಮೆತ್ಕೊಂಡಿದೀಯಲ್ಲೇ. ಮೂಗಿನ ಮೇಲಿನ ಚುಕ್ಕೆ ಕಾಣಬಾರದು ಅಂತಾನಾ? ಶಾಲೇಲಿ ಯಾರಾದ್ರೂ ಆಡ್ಕೊಂಡ್ರಾ? ಆಡ್ಕೊಳ್ಳೋರ ಬಾಯಿಗೆ ಬೀಗ ಹಾಕೋಕಾಗುತ್ತಾ, ಬಿಡು. ಇರು, ಸೆರಗಿಂದ ಒರೆಸ್ತೀನಿ, ಅಲುಗಾಡಬೇಡ. ಇಂಥ ಚುಕ್ಕೆ ಮುಖದೋಳ ಕತೆ ಒಂದಿದೆ, ನಮ್ಮಜ್ಜಿ ಹೇಳ್ತಿದ್ರು. ಹೂಂಗುಟ್ಟಬೇಕು ಮತ್ತೆ, ಇಲ್ದಿದ್ರೆ ನಿಲ್ಲಿಸಿಬಿಡ್ತೀನಿ.

ಒಂದಾನೊಂದು ಕಾಲದಲ್ಲಿ, ಊರಿಗೆಲ್ಲ ಒಂದೇ ಕನ್ನಡಿ ಇದ್ದ ಕಾಲದಲ್ಲಿ, ನೇರಳೆಕೊಪ್ಪಲು ಅಂತ ಒಂದು ಊರಿತ್ತಂತೆ. ಆ ಊರಲ್ಲಿ ಎಲ್ಲರೂ ರೇಷ್ಮೆ ಹುಳ ಸಾಕೋರೇ ಅಂತೆ. ಅಲ್ಲಿ ದುಂಡಮ್ಮ ಅಂತ ಒಬ್ಬಳಿದ್ದಳಂತೆ, ಗಂಡ ತೀರ್ಕೊಂಡು ಮಕ್ಕಳಿಲ್ಲದೆ ಒಂಟಿಯಾಗಿದ್ದೋಳು. ಅವಳ ಅಣ್ಣ ಅತ್ತಿಗೆ ಇಬ್ಬರೂ ಒಂದೇ ವರ್ಷ ಹೋಗಿಬಿಟ್ಟರಂತೆ, ಆಮೇಲೆ ಅವರ ಎರಡು ವರ್ಷದ ಕೂಸನ್ನ ಇವಳೇ ಕಂಕುಳಲ್ಲಿ ಎತ್ಕೊಂಡು ಬಂದಳಂತೆ. ಆ ಕೂಸೇ ಚೆಲುವಾಜಿ.

ಹೆಸರೇನೋ ಚೆಲುವಾಜಿ, ಆದ್ರೆ ಮುಖದ ತುಂಬ ರಾಗಿ ಎರಚಿದ ಹಾಗೆ ಕಂದು ಚುಕ್ಕೆ. ಮೂಗಿನ ಮೇಲೆ, ಕೆನ್ನೆ ಮೇಲೆ, ಹುಬ್ಬಿನ ಸಂದೀಲೂ ಬಿಟ್ಟಿರಲಿಲ್ಲವಂತೆ. ಸಾಲದ್ದಕ್ಕೆ ಕಣ್ಣಿನ ಕೆಳಗೆ ಎರಡು ಕಪ್ಪು. ಯಾಕೆ ಅಂತೀಯಾ? ಹುಳ ಸಾಕೋದು ಅಂದ್ರೆ ಹಸು ಕಟ್ಟಿದ ಹಾಗಲ್ಲ. ಹುಳಕ್ಕೆ ನಾಲ್ಕು ಸಲ ಜ್ವರ ಬರುತ್ತೆ, ಮಾತ್ರೆ ಕೊಡೋ ಜ್ವರ ಅಲ್ಲ ಕಣೆ, ತಿನ್ನೋದು ಬಿಟ್ಟು ಮಲಗಿ ಪೊರೆ ಕಳಚೋದಕ್ಕೇ ಜ್ವರ ಅನ್ನೋದು. ನಾಲ್ಕನೇ ಜ್ವರದಿಂದ ಎದ್ದ ಮೇಲೆ ಹಗಲೂ ರಾತ್ರಿ ತಿನ್ನುತ್ತೆ. ಹೊತ್ತು ಹೊತ್ತಿಗೆ ಎದ್ದು ಹಿಪ್ಪುನೇರಳೆ ಸೊಪ್ಪು ಹಾಕಬೇಕು. ಸೋದರತ್ತೆ ಸೊಸೆ ಇಬ್ಬರೂ ಸರದಿ ಮೇಲೆ ಎದ್ದೂ ಎದ್ದೂ ಇಬ್ಬರ ಕಣ್ಣಡಿಯೂ ಕಪ್ಪಾಗಿ ಹೋಗಿತ್ತಂತೆ.

ಚಿಕ್ಕೋಳಿದ್ದಾಗ ಚೆಲುವಾಜಿ ಅದನ್ನೆಲ್ಲ ತಲೆಗೆ ಹಾಕ್ಕೊಂಡಿರಲಿಲ್ಲ. ದೊಡ್ಡೋಳಾದ ಮೇಲೆ ಹೆಣ್ಣು ನೋಡೋಕೆ ಜನ ಬರೋಕೆ ಶುರುವಾಯ್ತಲ್ಲ, ಆಗ ಬಂತು ನೋಡು ಚಿಂತೆ. ಮೊದಲನೇ ಗಂಡಿನ ಕಡೆಯೋರು ಬರ್ತಾರೆ ಅಂದಾಗ ಅವಳು ಅರಿಶಿನ ಅರೆದು ಅರೆದು, ಒಂದು ಚುಕ್ಕೆನೂ ಕಾಣದ ಹಾಗೆ ದಪ್ಪಗೆ ಬಳ್ಕೊಂಡು ಕೂತಳಂತೆ. ಬಂದೋರು ನೋಡಿದ್ರು, ಒಬ್ಬರ ಮುಖ ಒಬ್ಬರು ನೋಡ್ಕೊಂಡ್ರು, ಆಮೇಲೆ ಹುಡುಗಿಗೆ ಕಾಮಾಲೆ ಏನಾದ್ರೂ ಆಗಿದೆಯಾ, ನಮ್ಮೂರಲ್ಲಿ ಒಳ್ಳೆ ಔಷಧಿ ಕೊಡೋರಿದ್ದಾರೆ ಅಂದು, ಎಲೆ ಅಡಿಕೆನೂ ಮುಟ್ಟದೆ ಎದ್ದು ಹೋದರಂತೆ. ನಗಬೇಡ, ಪಾಪ ಅವಳಿಗೆ ನಗು ಬರಲಿಲ್ಲ.

ಆಮೇಲೆ ಎರಡನೇ ಗಂಡಿನ ಕಡೆಯೋರು ಬಂದರಂತೆ. ಈ ಸಲ ಅರಿಶಿನದ ಸಹವಾಸ ಬೇಡ ಅಂತ ಅಕ್ಕಿ ಹಿಟ್ಟು ಕಲಸಿ ಹಚ್ಕೊಂಡಳಂತೆ. ಬಿಸಿಲು ಕಾಲ, ಹಿಟ್ಟು ಒಣಗಿ ಬಿರುಕು ಬಿಡ್ತು. ಹುಡುಗನ ಅಜ್ಜನಿಗೆ ನಮಸ್ಕಾರ ಮಾಡಮ್ಮ ಅಂದ್ರು. ಬಗ್ಗಿದಳು ನೋಡು, ಕೆನ್ನೆ ಮೇಲಿನ ಹಿಟ್ಟೆಲ್ಲ ಹಪ್ಪಳದ ಹಾಗೆ ಮುರ್ಕೊಂಡು ಅಜ್ಜನ ಪಾದದ ಮೇಲೆ ಉದುರಿತಂತೆ. ಅಜ್ಜ ಕಾಲು ಹಿಂದಕ್ಕೆ ಎಳ್ಕೊಂಡನಂತೆ. ಅವರೂ ಹೋದ್ರು. ಎಲುಬಿಲ್ಲದ ನಾಲಿಗೆ, ಊರೋರು ಏನೇನೋ ಅಂದರು. ಚೆಲುವಾಜಿ ಹಿತ್ತಲಲ್ಲಿ ಕೂತು ಅತ್ತಳು. ದುಂಡಮ್ಮ ಮಾತ್ರ ಬಿಸಿ ಮುದ್ದೆ ಕಟ್ಟಿ ತಟ್ಟೆಗೆ ಹಾಕಿ ಮುಂದೆ ಇಟ್ಟಳಂತೆ.

ಆ ವರ್ಷ ಇನ್ನೊಂದು ಕಷ್ಟನೂ ಇತ್ತು, ಅದನ್ನ ಹೇಳ್ಲೇ ಇಲ್ಲ ನೋಡು. ಆ ಊರಲ್ಲಿ ಹುಳದ ಮೊಟ್ಟೆ ಹಂಚೋನು ಊರ ಯಜಮಾನ. ಒಂದು ಮನೇಲಿ ಒಂದರ ಹಿಂದೆ ಒಂದು ಮೂರು ಸಲ ಹುಳ ಕೆಟ್ಟರೆ, ಆ ಮನೆಗೆ ರೇಷ್ಮೆ ಒಲಿಯಲ್ಲ ಅಂತ ಮತ್ತೆ ಮೊಟ್ಟೆ ಕೊಡ್ತಿರಲಿಲ್ಲ, ಸೊಪ್ಪಿನ ತೋಟನೂ ಬೇರೆಯೋರಿಗೆ ಹೋಗಿಬಿಡೋದು. ದುಂಡಮ್ಮನ ಮನೇಲಿ ಒಂದು ಸಲ ಇರುವೆ ಹತ್ತಿ ಹುಳ ಹೋಗಿತ್ತು. ಇನ್ನೊಂದು ಸಲ ಮಳೇಲಿ ನೆನೆದ ಸೊಪ್ಪು ಹಾಕಿ ನಂಜಾಗಿ ಹೋಗಿತ್ತು. ಈಗ ಹುಳ ಸಾಕೋ ಬಿದಿರ ತಟ್ಟೇಲಿರೋದು ಮೂರನೇದು. ಇದೂ ಹೋದ್ರೆ ಅತ್ತೆ ಮೂವತ್ತು ವರ್ಷ ಬಾಳಿದ ಹುಳದ ಮನೆಗೆ ಬೀಗವೇ ಗತಿ. ಚೆಲುವಾಜಿಗೂ ಇದು ಗೊತ್ತಿತ್ತು, ನಿನಗೂ ಈಗ ಗೊತ್ತಾಯ್ತು.

ಹುಳ ನಾಲ್ಕನೇ ಜ್ವರದಿಂದ ಎದ್ದು ನಾಲ್ಕು ದಿನ ಆಗಿತ್ತಂತೆ. ಮಾರನೇ ದಿನ ಮೂರನೇ ಗಂಡಿನ ಕಡೆಯೋರು ಬರೋರು. ಅಷ್ಟೊತ್ತಿಗೆ ಬೀದೀಲಿ ಬಳೆಗಾರ್ತಿ ಬಂದಳು. ಬಳೆ ತೊಡಿಸ್ತಾ ಚೆಲುವಾಜಿ ಮುಖ ನೋಡಿ, ಅಯ್ಯೋ ಇಷ್ಟಕ್ಕೆ ಯಾಕಮ್ಮಾ ಕೊರಗ್ತೀಯ ಅಂತ, ಗೂಡೆಯ ತಳದಿಂದ ಒಂದು ಕರಡಿಗೆ ತೆಗೆದಳಂತೆ. ಅದರಲ್ಲಿ ಗಂಧ, ಕಚೋರ, ಪುನುಗು ಎಲ್ಲಾ ಹಾಕಿ ತೇದ ಲೇಪ. ಪುನುಗು ಅಂದ್ರೆ ಮೂರು ಬೀದಿಗೆ ಘಮ್ ಅನ್ನೋ ಸುಗಂಧ. ಬಳೆಗಾರ್ತಿ ಬೆರಳ ತುದೀಲಿ ಇಷ್ಟೇ ಇಷ್ಟು ತೆಗೆದು ಸವರಿದಳಂತೆ. ಸವರಿದ ಮೇಲೆ ನೀರಿನ ಕೊಳಗದಲ್ಲಿ ನೋಡ್ಕೊಂಡ್ರೆ, ಒಂದು ಚುಕ್ಕೆ ಇಲ್ಲ, ಕಣ್ಣಡಿ ಕಪ್ಪಿಲ್ಲ, ಹುಣ್ಣಿಮೆ ಚಂದ್ರ! ಅವಳಿಗೆ ನಂಬೋಕೇ ಆಗಲಿಲ್ಲವಂತೆ. ಮತ್ತೆ ಮತ್ತೆ ಬಗ್ಗಿ ನೋಡ್ಕೊಂಡಳು, ಕೆನ್ನೆ ಮುಟ್ಟಿ ಮುಟ್ಟಿ ನೋಡಿದಳು, ಕಾಸು ಕೊಟ್ಟು ಕರಡಿಗೇನೇ ತಗೊಂಡಳು. ಖುಷಿ ಹೆಚ್ಚಾಗಿ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ.

ಆ ಖುಷೀಲೇ ಹುಳಕ್ಕೆ ಸೊಪ್ಪು ಹಾಕೋ ಹೊತ್ತಾಯ್ತು ಅಂತ ಓಡಿ ಹೋದಳಂತೆ. ಮುಖ ತೊಳೀಲಿಲ್ಲ, ಕೈಯೂ ತೊಳೀಲಿಲ್ಲ. ಹುಳದ ಮನೆ ಕಟ್ಟಳೆ ಆ ಊರಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಹೂ ಮುಡಿದು ಹೋಗಬಾರದು, ಹೊಗೆಸೊಪ್ಪು ಹಾಕ್ಕೊಂಡು ಹೋಗಬಾರದು, ಒಗ್ಗರಣೆ ಹಾಕಿದ ಕೈಲೂ ಮುಟ್ಟಬಾರದು. ಹುಳಕ್ಕೆ ಮೂಗು ಎಲ್ಲಿರುತ್ತೆ ಅಂತ ಕೇಳಬೇಡ, ನಂಗೂ ಗೊತ್ತಿಲ್ಲ. ವಾಸನೆ ಮಾತ್ರ ನಿನಗಿಂತ ಚೆನ್ನಾಗಿ ತಿಳಿಯುತ್ತೆ. ಚೆಲುವಾಜಿ ಆ ಲೇಪದ ಕೈಲೇ ತಟ್ಟೆ ತಟ್ಟೆಗೂ ಸೊಪ್ಪು ಹರಡಿ ಬಂದಳಂತೆ.

ಸಂಜೆ ಹೋಗಿ ಕಿವಿ ಕೊಟ್ಟರೆ ಹುಳದ ಮನೇಲಿ ಸದ್ದೇ ಇಲ್ಲ. ಹುಳ ಸೊಪ್ಪು ತಿನ್ನೋ ಸದ್ದು ಸೋನೆ ಮಳೆ ಹಿಡಿದ ಹಾಗಿರುತ್ತೆ, ಅದಿಲ್ಲ. ಹಾಕಿದ ಸೊಪ್ಪು ಹಾಕಿದ ಹಾಗೇ ಇದೆ. ಹುಳವೆಲ್ಲ ತಲೆ ಎತ್ತಿ, ಮುನಿಸ್ಕೊಂಡ ಮಕ್ಕಳ ಹಾಗೆ ಅತ್ತ ತಿರುಗಿ ಕೂತಿದ್ದವಂತೆ. ಅವಳು ಒಂದು ಎಲೆ ಎತ್ತಿ ಮೂಸಿ ನೋಡಿದಳು. ಪುನುಗು.

ಬಾವಿಕಟ್ಟೆಗೆ ಓಡಿ, ಬೂದಿ ಹಾಕಿ ಮುಖ ತಿಕ್ಕಿ ತಿಕ್ಕಿ, ಚರ್ಮ ಕೆಂಪಾಗೋ ತನಕ ತೊಳ್ಕೊಂಡು, ಅತ್ತೆ ಮುಂದೆ ಬಂದು ನಿಂತು ನಡೆದಿದ್ದೆಲ್ಲ ಹೇಳಿಬಿಟ್ಟಳಂತೆ. ನನ್ನಿಂದ ನಿನ್ನ ಮನೆ ಹೋಯ್ತು ಅತ್ತೆ, ಈ ಹಾಳು ಚುಕ್ಕೆಯಿಂದ ಹೋಯ್ತು, ಅಪ್ಪ ಅಮ್ಮನ ಜೊತೆಗೇ ನಾನೂ ಹೋಗಿದ್ದಿದ್ರೆ ಚೆನ್ನಾಗಿತ್ತು ಅಂತ ಅತ್ತಳಂತೆ.

ದುಂಡಮ್ಮ ಬೈತಾಳೆ ಅಂತ ಅಂದ್ಕೊಂಡ್ಯಾ? ಇಲ್ಲ. ಸೊಸೆಯ ಒದ್ದೆ ಮುಖನ ಎರಡೂ ಕೈಲಿ ಹಿಡ್ಕೊಂಡಳಂತೆ.

"ಕೂಸೆ, ನಿನ್ನ ನಾನು ಈ ಮನೆಗೆ ತಂದ ಹೊಸತರಲ್ಲಿ ನಿಂಗೆ ಅಮ್ಮ ಎದ್ದು ಮೈ ತುಂಬ ಸಿಡುಬಾಗಿತ್ತು. ಹತ್ತೊಂಬತ್ತು ರಾತ್ರಿ ಮಡಿಲಲ್ಲಿ ಹಾಕ್ಕೊಂಡು ಕೂತಿದ್ದೆ. ನನ್ನ ಕಣ್ಣಡಿ ಕಪ್ಪು ಶುರುವಾಗಿದ್ದು ಹುಳದಿಂದಲ್ಲ, ಆವಾಗಿಂದ. ಮುಖ ಚೆಂದ ಆಗ್ಲಿ ಅಂತ ನಾನು ಒಂದು ದಿನಾನೂ ಹರಕೆ ಹೊತ್ತೋಳಲ್ಲ. ಇದು ಉಳೀಲಿ ತಾಯಿ ಅಂತಷ್ಟೇ ಹೊತ್ತಿದ್ದೆ. ಉಳೀತು. ಇನ್ನೇನು ಬೇಕು ನಂಗೆ?"

ಚೆಲುವಾಜಿಗೆ ಅಲ್ಲಿವರೆಗೂ ಆ ಮಾತು ಗೊತ್ತೇ ಇರಲಿಲ್ಲವಂತೆ. ಅತ್ತೆ ಕಣ್ಣಡಿ ಕಪ್ಪನ್ನ ದಿನಾ ನೋಡ್ತಿದ್ದಳು, ಅದು ತನ್ನದೇ ಲೆಕ್ಕದ್ದು ಅಂತ ತಿಳಿದಿರಲಿಲ್ಲ. ಬಗ್ಗಿ ಅತ್ತೆ ಕಾಲು ಮುಟ್ಟಿದಳಂತೆ. ಈ ಸಲ ಏನೂ ಉದುರಲಿಲ್ಲ. ಆಮೇಲೆ ದುಂಡಮ್ಮ ಏಳು ಏಳು, ಅತ್ಕೊಂಡು ಕೂತರೆ ಹುಳ ತಿನ್ನಲ್ಲ ಅಂತ ಗದರಿದಳು.

ಆಮೇಲೆ ಇಬ್ಬರೂ ಸೇರಿ ಕಿಟಕಿ ಬಾಗಿಲೆಲ್ಲ ತೆಗೆದು, ತಟ್ಟೆ ತಟ್ಟೆಯಿಂದಲೂ ಹಳೇ ಸೊಪ್ಪು ತೆಗೆದು ದೂರದ ಗುಂಡಿಗೆ ಹಾಕಿ, ಹುಳ ಒಂದೊಂದನ್ನೇ ಬೇರೆ ತಟ್ಟೆಗೆ ಎತ್ತಿಟ್ಟು, ಕೈ ತೊಳ್ಕೊಂಡು ತೊಳ್ಕೊಂಡು ಹೊಸ ಸೊಪ್ಪು ಹಾಕಿದರಂತೆ. ತಿನ್ನಲಿಲ್ಲ. ಎರಡನೇ ಸಲ ಹಾಕಿದರು, ತಿನ್ನಲಿಲ್ಲ. ಬೆಳಕು ಹರಿಯೋ ಹೊತ್ತಿಗೆ ಇಬ್ಬನಿ ಒರೆಸಿದ ಎಳೇ ಸೊಪ್ಪು ತಂದು ಮೂರನೇ ಸಲ ಹಾಕಿದರು. ಆಗ ಮೂಲೆ ತಟ್ಟೇಲಿ ಒಂದೇ ಒಂದು ಹುಳ ತಲೆ ಬಗ್ಗಿಸಿ ಎಲೆ ಅಂಚು ಕಚ್ಚಿತಂತೆ. ಪಕ್ಕದ್ದು ಅದನ್ನ ನೋಡಿ ತಾನೂ ಕಚ್ಚಿತು. ಸ್ವಲ್ಪ ಹೊತ್ತಿಗೆ ಸೋನೆ ಮಳೆ ಸದ್ದು ಮನೆ ತುಂಬ. ಅತ್ತೆ ಸೊಸೆ ಬಾಗಿಲಿಗೆ ಒರಗಿ ಕೂತು ಕೇಳಿದರಂತೆ.

ಅಷ್ಟರಲ್ಲಿ ಗಂಡಿನ ಕಡೆಯೋರ ಗಾಡಿ ಬಂತು ಅಂತ ಸುದ್ದಿ. ದುಂಡಮ್ಮ ಗಾಬರಿಯಾಗಿ, ಹೋಗು ಮಗ, ಆ ಲೇಪ ಹಚ್ಕೊಂಡು ಕೂತ್ಕೋ, ಹುಳ ನಾನು ನೋಡ್ಕೋತೀನಿ, ನಿನ್ನ ಬಾಳು ದೊಡ್ಡದು ಅಂದಳಂತೆ. ಅಷ್ಟು ಹೇಳೋಳು ತಾನೇ ಗೋಡೆ ಹಿಡ್ಕೊಂಡು ಎದ್ದಳು. ಚೆಲುವಾಜಿ ಕರಡಿಗೆ ಕಡೆ ನೋಡಿದಳು. ಸುಳ್ಳು ಯಾಕೆ ಹೇಳ್ಲಿ, ಆಸೆ ಆಯ್ತು. ಅದನ್ನ ಹಚ್ಕೊಂಡ್ರೆ ಇವತ್ತು ಹುಳದ ಮನೆ ಹೊಸ್ತಿಲು ತುಳಿಯೋ ಹಾಗಿಲ್ಲ. ಅತ್ತೆ ಒಬ್ಬಳ ಕೈಲಿ ಅಷ್ಟು ತಟ್ಟೆ ಆಗಲ್ಲ.

"ನೋಡೋರು ಇದ್ದದ್ದನ್ನೇ ನೋಡ್ಲಿ ಅತ್ತೆ" ಅಂದು ಸೊಪ್ಪಿನ ಕುಕ್ಕೆ ಎತ್ಕೊಂಡಳಂತೆ.

ಬಂದೋಳು ಹುಡುಗನ ತಾಯಿ ನಂಜಾಜಮ್ಮ, ಅವರೂ ಹುಳ ಸಾಕೋರೇ. ಜಗುಲಿ ಮೇಲೆ ಕೂರದೆ, ಹುಡುಗಿ ಆಮೇಲಾಗ್ಲಿ, ಮೊದಲು ಹುಳ ತೋರ್ಸಿ ಅಂದಳಂತೆ. ಕೈ ತೊಳ್ಕೊಂಡು ಒಳಗೆ ಬಂದು, ಕಣ್ಣು ಮುಚ್ಚಿ ಸದ್ದು ಕೇಳಿದಳು. ಕಣ್ಣು ಬಿಟ್ಟು ನೋಡಿದ್ರೆ ಎದುರಿಗೆ ಕುಕ್ಕೆ ಹಿಡಿದು ನಿಂತ ಚೆಲುವಾಜಿ, ರಾತ್ರಿ ಪೂರ್ತಿ ನಿದ್ದೆ ಇಲ್ಲದೆ ಕಣ್ಣಡಿ ಮಸಿ ಬಳಿದ ಹಾಗೆ, ಚುಕ್ಕೆ ಎಲ್ಲ ಎದ್ದು ಕಾಣ್ತಿತ್ತು. ನಂಜಾಜಮ್ಮ ಹತ್ತಿರ ಬಂದು ತನ್ನ ಕಣ್ಣಡಿ ತೋರಿಸಿದಳಂತೆ. ಅಲ್ಲೂ ಅಷ್ಟೇ ಕಪ್ಪು. ಈ ಕಪ್ಪು ಇರೋ ಮನೇಲಿ ಹುಳ ಸಾಯಲ್ಲ ಕಣಮ್ಮ ಅಂದಳಂತೆ.

ಹುಡುಗ ಎಲ್ಲಿ ಅಂದ್ರೆ ಒಳಗೆ ಬಂದೇ ಇಲ್ಲ. ಮರಿಮಾದ ಅಂತ ಅವನ ಹೆಸರು. ಚೆಲುವಾಜಿ ಹೊಸ್ತಿಲ ಹತ್ರ ಬಂದು ಇಣುಕಿದ್ರೆ, ಆಚೆ ಸುಡು ಬಿಸಿಲಲ್ಲಿ ಹತ್ತು ಮಾರು ದೂರ ನಿಂತಿದ್ದಾನೆ. ಯಾಕೆ ಅಲ್ಲಿ ನಿಂತಿದೀರಿ, ಬನ್ನಿ ಅಂದಳು. ಅವನು ತಲೆ ತಗ್ಗಿಸಿ, "ಹೆಣ್ಣು ನೋಡೋಕೆ ಅಂತ ತಲೆಗೆ ಸಂಪಿಗೆ ಎಣ್ಣೆ ಹಚ್ಕೊಂಡು ಬಂದ್ಬಿಟ್ಟೆ, ಹುಳ ಇರೋದು ನೆನಪಾಗಲಿಲ್ಲ" ಅಂದನಂತೆ. ಚೆಲುವಾಜಿಗೆ ಎಷ್ಟು ನಗು ಬಂತು ಅಂದ್ರೆ, ಕುಕ್ಕೆ ಕೆಳಗಿಟ್ಟು ನಕ್ಕಳಂತೆ. ನಕ್ಕು ನಕ್ಕು, ಇವನೇ ಆಗಬಹುದು ಅಂತ ಮನಸಲ್ಲೇ ಅಂದ್ಕೊಂಡಳಂತೆ. ಅವನು ಆ ಚುಕ್ಕೆ ಮುಖ ನಗೋದನ್ನ ನೋಡ್ತಾ ಬಿಸಿಲನ್ನೇ ಮರೆತನಂತೆ.

ಮೂರು ದಿನಕ್ಕೆ ಹುಳ ತಿನ್ನೋದು ಮುಗಿಸಿ ಹಣ್ಣಾಗಿ, ಚಂದ್ರಿಕೆ ಅನ್ನೋ ಬಿದಿರ ಚಾಪೆ ತುಂಬ ಹಳದಿ ಗೂಡು ಕಟ್ಟಿದವಂತೆ. ಯಜಮಾನ ತಾನೇ ಬಂದು ನೋಡಿ, ಮುಂದಿನ ಸಲಕ್ಕೆ ಎರಡರಷ್ಟು ಮೊಟ್ಟೆ ಇಟ್ಟು ಹೋದನಂತೆ. ಮದುವೆ ಗೊತ್ತಾಯ್ತು. ಆಮೇಲೆ ಚೆಲುವಾಜಿ ಏನು ಮಾಡಿದಳು ಗೊತ್ತಾ? ಮೊದಲು ಬಿಚ್ಚಿದ ನೂಲು ತಗೊಂಡು ಮಗ್ಗದ ಅಣ್ಣನ ಹತ್ರ ಹೋಗಿ, ನಂಗಲ್ಲ, ನಮ್ಮತ್ತೆಗೆ ಒಂದು ಸೀರೆ ನೇಯ್ದು ಕೊಡಿ, ಮೈ ತುಂಬ ಕಂದು ಚುಕ್ಕೆ ಇರಲಿ, ಅಂಚು ಕಪ್ಪಗಿರಲಿ ಅಂದಳಂತೆ. ಚುಕ್ಕೆ ಸಾಲಾಗಿ ಹಾಕಲೇನಮ್ಮಾ ಅಂದನಂತೆ ಅವನು. ಬೇಡ, ನನ್ನ ನೋಡ್ಕೊಂಡು ಹಾಕಿ ಅಂದು, ಮುಖ ತೊಳ್ಕೊಂಡು ಬಂದು ಮಗ್ಗದ ಎದುರು, ಕಿಟಕಿ ಬೆಳಕಿಗೆ ಮುಖ ಕೊಟ್ಟು ಕೂತಳಂತೆ. ಯಾರು ಬಂದರೂ ಮುಖ ತಿರುಗಿಸಲಿಲ್ಲ.

ಮದುವೆ ದಿನ ದುಂಡಮ್ಮ ಆ ಸೀರೆ ಉಟ್ಕೊಂಡು ಊರೆಲ್ಲ ಓಡಾಡಿದಳಂತೆ. ಇದು ನನ್ನ ಕೂಸಿನ ಮುಖ ಅಂತ ಸೆರಗು ಹಿಡಿದು ಎಲ್ಲರಿಗೂ ತೋರಿಸಿದಳಂತೆ. ಮರಿಮಾದ ಆ ಊರಿಗೇ ಬಂದು ನಿಂತನಂತೆ, ಹುಳಕ್ಕೆ ಏಳೋಕೆ ಈಗ ಮೂರು ಜನ. ಬಳೆಗಾರ್ತಿ ಲೇಪ? ಬಿಸಾಡಲಿಲ್ಲ ಬಿಡು. ಹಬ್ಬಕ್ಕೆ, ತಟ್ಟೇಲಿ ಹುಳ ಇಲ್ಲದ ದಿನ ಹಚ್ಕೊಳ್ಳೋಳಂತೆ. ಹಚ್ಕೊಳ್ಳೋದು ತಪ್ಪಾ? ಚೆಂದ ಕಾಣ್ಲಿ ಅನ್ನೋದು ಎಲ್ಲರಿಗೂ ಇರೋ ಆಸೆ.

ಏನಂದೆ? ನಿಮ್ಮಮ್ಮನ ಕಣ್ಣಡಿ ಕಪ್ಪು ಯಾವ ಹುಳದ್ದು ಅಂತಾನಾ? ನಮ್ಮನೇಲಿ ಸಾಕಿರೋದು ಒಂದೇ ಹುಳ, ಅದು ಈಗ ನನ್ನ ಮಡಿಲಲ್ಲಿ ಮಲಗಿದೆ. ಹೋದ ತಿಂಗಳು ನಿಂಗೆ ಜ್ವರ ಬಂದಾಗ ಐದು ರಾತ್ರಿ ಕೂತಿದ್ದು ಯಾರು? ನಾನಂತೂ ಗೊರಕೆ ಹೊಡೀತಿದ್ದೆ. ಬೆಳಿಗ್ಗೆ ಅವಳು ಕೆಲಸಕ್ಕೆ ಹೊರಡೋಕೆ ಮುಂಚೆ, ಆ ಕ್ರೀಮು ಹಚ್ಕೊಳ್ಳೋಕೆ ಮುಂಚೆ, ಒಂದು ಸಲ ಮುಖ ನೋಡಿ ಅಲ್ಲೊಂದು ಮುತ್ತು ಕೊಡು. ಕ್ರೀಮು ಖಾಲಿ ಮಾಡಿದ್ದಕ್ಕೆ ಬೈತಾಳೆ, ಬೈಸ್ಕೋ.

ಹುಳ ಗೂಡು ಸೇರ್ತು, ಕತೆ ಮುಗೀತು. ನೀನೂ ಕಂಬಳಿ ಸೇರ್ಕೋ.