ಸಿಡಿಲ ಕೊಡವೂ ಒಂದು ಹಿಡಿ ಉಪ್ಪೂ

“ಕೇಳಿದವರು ಕೇಳದವರಿಗೆ ಹೇಳಿ, ಕಿವುಡರಿಗೆ ಕೈಸನ್ನೆ ಮಾಡಿ! ಕಡಲನಾಡಿನ ದೊರೆಸಾನಿ ಹೊನ್ನಾಂಬೆಯವರ ಅಪ್ಪಣೆ ಇದು. ಮೂರು ಒಗಟು ಬಿಡಿಸಿದವರಿಗೆ ಕೇಳಿದ್ದು ಸಿಗುತ್ತದೆ. ತಪ್ಪಿದವರ ತಲೆ ಹುಣ್ಣಿಮೆಗೆ ಹಾರುತ್ತದೆ!”

ಡಂಗುರದವನು ಹೀಗೆ ಸಾರಿದಾಗ ದ್ಯಾಮ ತನ್ನ ಕತ್ತೆಯ ಕಾಲಿನ ಮುಳ್ಳು ಕೀಳುತ್ತಿದ್ದ. ಕತ್ತೆಯ ಹೆಸರು ದಿವಾನ. ಎಷ್ಟು ಕರೆದರೂ ಏಳುವುದಿಲ್ಲ, ಮೇವು ಕಂಡರೆ ಮಾತ್ರ ಓಡಿಬರುತ್ತದೆ ಅಂತ ಆ ಹೆಸರಿಟ್ಟಿದ್ದ.

ದ್ಯಾಮನ ಕಸುಬು ಘಟ್ಟದ ಮೇಲಿನ ನಾಡಿಗೆ ಉಪ್ಪು ಹೊರುವುದು. ಎರಡು ವರ್ಷದಿಂದ ಕಣಿವೆಯ ಬಾಗಿಲಿಗೆ ಬೀಗ ಬಿದ್ದು ಕಸುಬೂ ಇಲ್ಲ, ಕಾಸೂ ಇಲ್ಲ. ಯಾಕೆಂದರೆ ಮೇಲಿನ ದೊರೆ ಮಲ್ಲರಸ ಸಿಡಿಲು ತುಂಬುವ ತಾಮ್ರದ ಕೊಡ ಮಾಡಿಸುತ್ತಿದ್ದ. ಒಂದು ಕೊಡ ಒಡೆದರೆ ಒಂದು ಊರು ಬೂದಿ. ಈ ಮಲ್ಲರಸ ಬೇರೆ ಯಾರೂ ಅಲ್ಲ, ಹೊನ್ನಾಂಬೆಯ ಒಡಹುಟ್ಟಿದ ತಮ್ಮ. “ಅವನು ಕೊಡದ ಆಸೆ ಬಿಡುವ ತನಕ ಒಂದು ಹರಳು ಉಪ್ಪೂ ಘಟ್ಟ ಹತ್ತಬಾರದು” ಅಂತ ಅಕ್ಕನೇ ಬೀಗ ಜಡಿಸಿದ್ದಳು.

ದ್ಯಾಮನ ಅಕ್ಕ ನಿಂಗವ್ವ ಮದುವೆಯಾಗಿ ಹೋದದ್ದೂ ಆ ಘಟ್ಟದ ಮೇಲಕ್ಕೇ. ಜೇನು ಕೀಳುವವರ ಕೈಯಲ್ಲಿ ಹೇಳಿ ಕಳಿಸಿದ್ದಳು: “ಕೂಸು ಸಪ್ಪೆ ಗಂಜಿ ಉಗಿಯುತ್ತದೆ ಕಣೋ, ಸೊರಗಿ ಕಡ್ಡಿಯಾಗಿದೆ. ಒಂದು ಹಿಡಿ ಉಪ್ಪು ಹೇಗಾದರೂ ಕಳಿಸೋ, ತಮ್ಮಾ.”

‘ತಲೆ ಹೋದರೆ ಮುಂಡಾಸಿನ ಖರ್ಚು ಉಳಿಯಿತು’ ಅಂದುಕೊಂಡ ದ್ಯಾಮ ಅರಮನೆಗೆ ನಡೆದ.

ಅಲ್ಲಿ ಆಗಲೇ ಇಬ್ಬರು ಸೋತು ಕೂತಿದ್ದರು. ಪಂಡಿತರು ಮೊದಲ ಒಗಟಿಗೇ “ಚಂದ್ರಗ್ರಹಣ” ಅಂದಿದ್ದರು. ಸೇನಾಪತಿಗೆ ಗೊತ್ತಿದ್ದ ಉತ್ತರ ಒಂದೇ, “ಆನೆ”. ಮೂರಕ್ಕೂ ಅದನ್ನೇ ಹೇಳಿದ್ದ. ತಲೆ ಕಡಿಯುವ ಕೆಂಚ ದಾರ ಹಿಡಿದು ಅವರ ಕುತ್ತಿಗೆ ಅಳೆಯುತ್ತಿದ್ದ.

“ಏನೋ ಹುಡುಗಾ, ಜೀವ ಬೇಡವಾ ನಿನಗೆ?” ಅಂದಳು ದೊರೆಸಾನಿ.

“ಬೇಕು ತಾಯಿ. ಅದಕ್ಕೇ ಬೇಗ ಕೇಳಿಬಿಡಿ.”

“ಒಬ್ಬನ ಬಾಯಿ ಕಟ್ಟಲು ಹೋದೆ. ಊರೆಲ್ಲ ಬಾಯಿ ಬಾಯಿ ಬಿಟ್ಟಿತು, ಅವನೊಬ್ಬ ತೇಗಿದ. ಏನದು?”

“ನಿಮ್ಮ ಉಪ್ಪಿನ ಕಟ್ಟು, ತಾಯಿ. ನಿಮ್ಮ ತಮ್ಮನ ಅರಮನೆ ಕಣಜದಲ್ಲಿ ಹತ್ತು ವರ್ಷದ ಉಪ್ಪಿದೆ. ಸಪ್ಪೆ ಗಂಜಿ ಕುಡಿಯುತ್ತಿರುವುದು ನಮ್ಮಕ್ಕನ ಕೂಸು.”

ಕೆಂಚ ದಾರ ಕೆಳಗಿಟ್ಟ.

“ಹೆತ್ತವನನ್ನೇ ನುಂಗುವ ಕೂಸು. ಎತ್ತಿದರೆ ಭಯ, ಇಳಿಸಿದರೆ ಭಯ, ನೆರೆಮನೆಗೂ ನಿದ್ದೆಯಿಲ್ಲ. ಏನದು?”

“ಸಿಡಿಲ ಕೊಡ. ಕೈಜಾರಿದರೆ ಮೊದಲು ಬೂದಿಯಾಗುವುದು ಮಾಡಿದವನ ಊರೇ.”

ದೊರೆಸಾನಿಯ ದನಿ ಸಣ್ಣಗಾಯಿತು. “ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಬಾವಿಗೆಸೆದೆ. ಈಗ ಅದು ಬಾಗಿಲಲ್ಲ. ಹಾಗಾದರೆ ಏನು?”

ದ್ಯಾಮ ತಲೆ ಕೆರೆದುಕೊಂಡ. “ಗೋಡೆ, ತಾಯಿ.”

“ನನ್ನ ಬೀಗವನ್ನು ಗೋಡೆ ಅಂತೀಯಾ?” ಅವಳು ಎದ್ದು ನಿಂತಳು. ಕೆಂಚ ದಾರ ಎತ್ತಿಕೊಂಡ.

“ಸಿಟ್ಟಾಗಬೇಡಿ ತಾಯಿ, ನಮ್ಮ ದಿವಾನನ ಕತೆ ಕೇಳಿ.” ಪಕ್ಕದಲ್ಲಿ ಕೂತಿದ್ದ ಅರಮನೆಯ ದಿವಾನರು ಬೆಚ್ಚಿಬಿದ್ದರು. “ನೀವಲ್ಲ ಬುದ್ಧೀ, ನನ್ನ ಕತ್ತೆ. ಪೈರಿನ ನಡುವೆ ಹೋಗುವಾಗ ಅದರ ಬಾಯಿಗೆ ಕುಕ್ಕೆ ಕಟ್ಟುತ್ತೇನೆ. ಹೊಲ ದಾಟಿದ ಕೂಡಲೇ ಬಿಚ್ಚುತ್ತೇನೆ. ಬಿಚ್ಚುತ್ತಾನೆ ಅಂತ ಗೊತ್ತಿರುವುದಕ್ಕೇ ಅದು ಹೆಜ್ಜೆ ಹಾಕುತ್ತದೆ. ಒಂದು ಸಲ ಮರೆತು ಬಿಚ್ಚಲಿಲ್ಲ, ಒದ್ದು ನನ್ನ ಎರಡು ಹಲ್ಲು ಉದುರಿಸಿತು. ನೋಡಿ!” ಬಾಯಿ ಕಿಸಿದು ತೋರಿಸಿದ. “ಕಟ್ಟುವುದು ತಪ್ಪಲ್ಲ. ಬಿಚ್ಚುವ ಜಾಗ ಯಾವುದು ಅಂತ ನಿಮ್ಮ ತಮ್ಮನಿಗೆ ಯಾರಾದರೂ ಹೇಳಿದ್ದೀರಾ? ಗೋಡೆಯ ಮುಂದೆ ನಿಂತು ಬಾಗಿಲು ಬಡಿಯುವವರುಂಟೆ?”

ದೊರೆಸಾನಿ ಕುಸಿದು ಕೂತಳು. ಎರಡು ವರ್ಷದಿಂದ ತಮ್ಮನಿಗೆ ಒಂದು ಮಾತೂ ಕಳಿಸಿರಲಿಲ್ಲ. “ಚಿಕ್ಕವನಿದ್ದಾಗ ಹುಣಸೆ ಚಿಗಳಿಗೆ ಅಂತ ನನ್ನ ಹಿಂದೆ ಹಿಂದೆ ಬರುತ್ತಿದ್ದ,” ಅಂದಳು. ಆಮೇಲೆ ಕಣ್ಣೊರೆಸಿಕೊಂಡು, “ಮೂರೂ ಸರಿ. ಕೇಳು, ಏನು ಬೇಕು? ಅರ್ಧ ರಾಜ್ಯವಾ?”

“ಅರ್ಧ ರಾಜ್ಯವನ್ನು ಕತ್ತೆಯ ಮೇಲೆ ಹೇರಲಾಗುವುದಿಲ್ಲ, ತಾಯಿ. ಬಡವರ ಉಪ್ಪಿಗೆ ಇವತ್ತೇ ದಾರಿ ಬಿಡಿ. ಸಿಡಿಲಿಗೆ ಬೇಕಾದ ತಾಮ್ರ, ಗಂಧಕ, ಅರಸರ ರೇಷ್ಮೆ, ಅತ್ತರು ಇವಕ್ಕೆ ಬೀಗ ಇರಲಿ. ಒಂದು ಕೊಡ ಬರಿದುಮಾಡಿ ಕಳಿಸಿದರೆ ಒಂದು ಬೀಗ ಬಿಚ್ಚುತ್ತೇನೆ ಅಂತ ತಮ್ಮನಿಗೆ ಹೇಳಿ ಕಳಿಸಿ. ಮತ್ತೆ ಈ ಇಬ್ಬರ ತಲೆ ಅವರವರ ಹತ್ತಿರವೇ ಇರಲಿ. ಬೇರೆಯವರಿಗೆ ಅದರಿಂದ ಉಪಯೋಗವಿಲ್ಲ.”

ಅವತ್ತೇ ಬಾವಿಗೆ ಆಳು ಇಳಿಸಿ ಕೀಲಿ ಎತ್ತಿಸಿದರು. ದ್ಯಾಮ ಉಪ್ಪಿನ ಚೀಲದ ಮೇಲೆ, ದೊರೆಸಾನಿ ತಾನೇ ಕುಟ್ಟಿ ಕಡ್ಡಿಗೆ ಚುಚ್ಚಿದ ಚಿಗಳಿಯ ಗಂಟು ಇಟ್ಟುಕೊಂಡು ಘಟ್ಟ ಹತ್ತಿದ.

ಮಲ್ಲರಸ ಮೂರು ದಿನ ಬಿಗುಮಾನ ಮಾಡಿದ. ನಾಲ್ಕನೆಯ ದಿನ ಚಿಗಳಿ ಚೀಪಿದ. ಐದನೆಯ ದಿನ ಸಿಡಿಲ ಕೊಡ ಮಾಡುವವರನ್ನು ಕರೆಸಿದ.

ಹದಿನೈದು ದಿನಕ್ಕೆ ದಿವಾನ ಇಳಿದು ಬಂತು, ಬೆನ್ನ ಮೇಲೊಂದು ತಾಮ್ರದ ಕೊಡ. ಸಭೆಯವರೆಲ್ಲ ಕಂಬದ ಹಿಂದೆ ಅವಿತರು. ಎಲ್ಲರಿಗಿಂತ ಮುಂದೆ ಓಡಿದವನು ಸೇನಾಪತಿ. ದೊರೆಸಾನಿ ಒಬ್ಬಳೇ ಬಂದು ಮುಚ್ಚಳ ತೆಗೆದಳು.

ಒಳಗೆ ಕಂಠಮಟ್ಟ ಮಾವಿನ ಉಪ್ಪಿನಕಾಯಿ. ನಿಂಗವ್ವನ ಕೈಯದು.

“ಕೂಸು ಈಗ ಬಟ್ಟಲು ನೆಕ್ಕುತ್ತದೆ ತಾಯಿ,” ಅಂದ ದ್ಯಾಮ. “ನಿಮ್ಮ ತಮ್ಮನೂ ಒಂದು ಮಾತು ಹೇಳಿದ್ದಾರೆ: ಇನ್ನೂ ಆರು ಕೊಡ ಉಳಿದಿವೆಯಂತೆ, ಅಕ್ಕನ ಹತ್ತಿರ ಚಿಗಳಿ ಎಷ್ಟಿದೆ?”