ಮೂರನೇ ಗೇರಿನ ಮೇಲಿನ ಕೈ

"ಗುರುಗಳೇ, ಪಕ್ಕದಲ್ಲಿ ನಿಂತರೆ ಕೆಲಸ ಮಾಡುತ್ತಾನೆ, ಸರಿದರೆ ಬಿಟ್ಟುಬಿಡುತ್ತಾನೆ. ಅಂಥವನನ್ನು ಇಟ್ಟುಕೊಳ್ಳಲೋ, ಊರಿಗೆ ಕಳಿಸಲೋ?"

ಕೇಳಿದವನು ನಿರ್ವಾಣಯ್ಯ. ನಾಲೆಯಾಚೆಯ ಶಾಖಾಮಠದ ದಾಸೋಹವನ್ನು ಗುರುಗಳು ಅವನಿಗೆ ಒಪ್ಪಿಸಿದ್ದರು. ಅಲ್ಲಿ ಅಡುಗೆ ಮಾಡುವವನು ಮರಿದೇವಯ್ಯ. ದೂರು ಅವನ ಮೇಲೆಯೇ. ಅದನ್ನು ಹೇಳಿಕೊಳ್ಳಲು ನಿರ್ವಾಣಯ್ಯ ಬೆಳಿಗ್ಗೆಯೇ ಹೊರಟು ನಡೆದು ಬಂದಿದ್ದ. ಅಡ್ಡಬಿದ್ದಾಗ ಅವನ ಸೊಂಟದ ಕೀಲಿಗೊಂಚಲು ನೆಲಕ್ಕೆ ತಾಗಿ ಸದ್ದಾಯಿತು.

"ಮರಿದೇವಯ್ಯ ಕೆಟ್ಟವನೇ?" ಎಂದರು ಗುರುಗಳು.

"ಕೆಟ್ಟವನಲ್ಲ, ಗಟ್ಟಿಯಿಲ್ಲ. ಅಕ್ಕಿ ಬೇಳೆ ಅಳೆದುಕೊಟ್ಟು ಒಲೆಯ ಮುಂದೆ ನಾನೇ ನಿಂತಿರಬೇಕು. ಎಲ್ಲಾದರೂ ಹೋಗಿ ಬಂದರೆ ಒಲೆ ತಣ್ಣಗಿರುತ್ತದೆ. ಹಸಿದು ಬಂದವರು ಜಗುಲಿಯ ಮೇಲೆ ಕಾಯುತ್ತಿರುತ್ತಾರೆ. ನೀವು ಹೂಂ ಅಂದರೆ ಇವತ್ತೇ ಅವನ ಗಂಟು ಕಟ್ಟಿಸುತ್ತೇನೆ."

ಗುರುಗಳು ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ. "ಕೂತುಕೋ. ಒಂದು ಟ್ರ್ಯಾಕ್ಟರಿನ ಕತೆ ಹೇಳುತ್ತೇನೆ" ಎಂದರು. ಶಾಸ್ತ್ರದ ಮಾತು ಬರುತ್ತದೆಂದು ಕಾದಿದ್ದ ನಿರ್ವಾಣಯ್ಯನಿಗೆ ಕಸಿವಿಸಿಯಾಯಿತು. ಆದರೂ ಕೂತ.

ಒಬ್ಬ ರೈತನಿದ್ದ. ಅವನ ಹತ್ತಿರ ಅಪ್ಪ ಕೊಂಡಿದ್ದ ಹಳೆಯ ಟ್ರ್ಯಾಕ್ಟರಿತ್ತು. ಬಣ್ಣ ಹೋಗಿತ್ತು, ಎಂಜಿನ್ ಮಾತ್ರ ಗಟ್ಟಿಯಾಗಿತ್ತು. ಅದರ ಕಾಯಿಲೆ ಒಂದೇ. ಕಬ್ಬಿನ ಟ್ರೇಲರು ಎಳೆದುಕೊಂಡು ನಾಲೆಯ ಏರಿ ಹತ್ತಿ ಆಚೆ ಇಳಿಯುವಾಗ ಮೂರನೇ ಗೇರು ತಾನಾಗಿ ಬಿಟ್ಟುಕೊಳ್ಳುತ್ತಿತ್ತು. ಗೇರು ಬಿಟ್ಟಿತೆಂದರೆ ಎಂಜಿನ್ನಿನ ಹಿಡಿತ ತಪ್ಪುತ್ತದೆ, ಹಿಂದಿನ ಹೊರೆ ಮುಂದಕ್ಕೆ ನೂಕುತ್ತದೆ, ಕೆಳಗೆ ನೀರು. ಆ ಇಳಿಜಾರಿನಲ್ಲಿ ರೈತನ ಜೀವ ಬಾಯಿಗೆ ಬರುತ್ತಿತ್ತು.

ಅಪ್ಪ ಅವನಿಗೆ ಟ್ರ್ಯಾಕ್ಟರ್ ಕಲಿಸುವಾಗ ಒಂದು ಮಾತು ಹೇಳಿದ್ದ. ಮೂರನೆಯದಕ್ಕೆ ಹಾಕಿದ ಮೇಲೆ ಕೈ ತೆಗೆಯಬೇಡ, ಒತ್ತಿ ಹಿಡಿದುಕೋ. ಅಪ್ಪನೂ ಹಾಗೇ ಓಡಿಸಿದ್ದ. ಒಂದು ಕೈ ಸ್ಟೇರಿಂಗಿನ ಮೇಲೆ, ಒಂದು ಕೈ ಗೇರಿನ ಕೋಲಿನ ತುದಿಯ ಗುಂಡಿನ ಮೇಲೆ. ಆ ಗುಂಡು ಎರಡು ತಲೆಮಾರಿನ ಅಂಗೈ ಉಜ್ಜಿ ಗೋಲಿಯ ಹಾಗೆ ನುಣುಪಾಗಿತ್ತು. ರೈತ ಅಪ್ಪನಿಗಿಂತ ಗಟ್ಟಿಯಾಗಿ ಒತ್ತುತ್ತಿದ್ದ. ಅದನ್ನು ಅವನು ಜೋಪಾನ ಎಂದುಕೊಂಡಿದ್ದ.

ಕಾಯಿಲೆ ಹೆಚ್ಚಿತು. ಟ್ರ್ಯಾಕ್ಟರ್ ರಿಪೇರಿಯ ಮೇಸ್ತ್ರಿಯನ್ನು ಕರೆಸಿದ. ಮೇಸ್ತ್ರಿ ಗೇರ್‌ಬಾಕ್ಸಿನ ಆಯಿಲ್ ಇಳಿಸಿ ಬಿಸಿಲಿಗೆ ಹಿಡಿದು ನೋಡಿದ. ಅದರಲ್ಲಿ ಲೋಹದ ಪುಡಿ ಮಿನುಗುತ್ತಿತ್ತು. ಮೇಲಿನ ಮುಚ್ಚಳ ಬಿಚ್ಚಿದ. ಗೇರನ್ನು ಅತ್ತಿತ್ತ ಸರಿಸುವ ಕವೆಯಂಥ ಒಂದು ಕಬ್ಬಿಣ ಒಳಗಿರುತ್ತದೆ, ಫೋರ್ಕ್ ಅನ್ನುತ್ತಾರೆ. ಅದು ಒಂದೇ ಮಗ್ಗುಲಿಗೆ ಸವೆದು ಕುಡುಗೋಲಿನ ಅಲಗಿನಂತಾಗಿತ್ತು. ಅದನ್ನು ಬದಲಿಸಿದ. ಅದು ಜಾರದಂತೆ ಹಿಡಿದಿಡುವ ಪಕ್ಕದ ಸ್ಪ್ರಿಂಗೂ ಸೋತಿತ್ತು, ಅದನ್ನೂ ಬದಲಿಸಿದ. ಸಪಾಟು ರಸ್ತೆಯಲ್ಲಿ ತಾನೇ ಒಂದು ಸುತ್ತು ಓಡಿಸಿ, ಇನ್ನು ಚಿಂತೆಯಿಲ್ಲ ಎಂದು ಹೋದ.

ಕೆಲವು ದಿನ ಚಿಂತೆಯಿರಲಿಲ್ಲ. ಆಮೇಲೆ ಏರಿಯ ಇಳಿಜಾರಿನಲ್ಲಿ ಗೇರು ಮತ್ತೆ ಬಿಟ್ಟಿತು. ಬಿಚ್ಚಿ ನೋಡಿದರೆ ಹೊಸ ಫೋರ್ಕೂ ಅದೇ ಮಗ್ಗುಲಿಗೆ ಸವೆದಿದೆ. ಮೇಸ್ತ್ರಿ ಬಿಡಿಭಾಗದ ಅಂಗಡಿಯವನನ್ನು ಬೈದು ಬೇರೆ ಕಡೆಯಿಂದ ಇನ್ನೊಂದು ತಂದು ಹಾಕಿದ. ರೈತನಿಗೆ ನಂಬಿಕೆ ಹೋಗಿತ್ತು. "ಈ ಸಲ ಸರಿಹೋಗದಿದ್ರೆ ಗುಜರಿಗೆ ಹಾಕ್ತೀನಿ" ಎಂದು ಹೆಂಡತಿಗೆ ಹೇಳಿದ. ಅಪ್ಪನನ್ನೇ ಮಾರಿದ ಹಾಗೆ ಅನ್ನಿಸಿತು.

ಅಷ್ಟರಲ್ಲಿ ಕಬ್ಬು ಕಡಿಯುವಾಗ ಅವನ ಬಲ ಅಂಗೈಗೆ ಕಡಿದುಳಿದ ಕೂಳೆಯ ಮೊನೆ ಚುಚ್ಚಿ ಕೀವಾಯಿತು. ಆಲೆಮನೆಯಲ್ಲಿ ಅವನ ಸರದಿ ಬಂದಿತ್ತು. ಸರದಿ ತಪ್ಪಿದರೆ ಕಡಿದ ಕಬ್ಬು ಒಣಗುತ್ತದೆ. ಹೆಂಡತಿ ಸೆರಗು ಸಿಕ್ಕಿಸಿಕೊಂಡು ಸೀಟಿಗೆ ಹತ್ತಿದಳು. ಗದ್ದೆಯಲ್ಲಿ ಓಡಿಸಿ ಅಭ್ಯಾಸವಿತ್ತು, ಏರಿ ಮಾತ್ರ ಹೊಸದು. ಅವನು ಕೈಗೆ ಬಟ್ಟೆ ಸುತ್ತಿಕೊಂಡು ಮಡ್‌ಗಾರ್ಡಿನ ಮೇಲೆ ಕೂತ.

ಏರಿ ಹತ್ತಿದರು. ಇಳಿಯುವ ಮುಂಚೆ ಅವಳು ಮೂರನೇ ಗೇರಿಗೆ ಹಾಕಿ ಕೈ ತೆಗೆದಳು.

"ಗೇರು ಹಿಡ್ಕೊಳ್ಳೇ! ಒತ್ತಿ ಹಿಡ್ಕೊ!" ಎಂದು ಅವನು ಕೂಗಿದ.

"ಈ ಸ್ಟೇರಿಂಗು ಎರಡು ಕೈಗೂ ಬಗ್ತಾ ಇಲ್ಲ. ಮೂರನೇ ಕೈ ಎಲ್ಲಿಂದ ತರ್ಲಿ? ಸುಮ್ನೆ ಕೂತ್ಕಳಿ!"

ಅವನು ಕಣ್ಣು ಮುಚ್ಚಿಕೊಂಡ. ಮನೆದೇವರನ್ನು ನೆನೆದ. ಕಣ್ಣು ಬಿಟ್ಟಾಗ ಟ್ರ್ಯಾಕ್ಟರ್ ಏರಿಯ ಬುಡದಲ್ಲಿತ್ತು. ಗೇರು ಬಿಟ್ಟಿರಲಿಲ್ಲ.

ಮರುದಿನವೂ ಬಿಡಲಿಲ್ಲ. ಗಾಯ ಮಾಯುವವರೆಗೂ ಅವಳೇ ಓಡಿಸಿದಳು, ಗೇರು ಒಮ್ಮೆಯೂ ಬಿಡಲಿಲ್ಲ. ರೈತನಿಗೆ ಖುಷಿಯಾಯಿತು. ಒಳಗೊಳಗೇ ಸಣ್ಣ ಹೊಟ್ಟೆಕಿಚ್ಚೂ ಆಯಿತು ಅನ್ನು. ಕೈ ವಾಸಿಯಾದ ಕೂಡಲೇ ತಾನೇ ಸೀಟಿಗೆ ಹತ್ತಿದ, ಅಂಗೈ ತಾನಾಗಿ ಹೋಗಿ ಗುಂಡಿನ ಮೇಲೆ ಕೂತಿತು. ಕೆಲವು ದಿನ ಕಳೆಯುವಷ್ಟರಲ್ಲಿ ಮೂರನೇ ಗೇರು ಮತ್ತೆ ಬಿಟ್ಟಿತು.

ಬೇರೆಯವನಾಗಿದ್ದರೆ ಸಿಟ್ಟಿಗೇಳುತ್ತಿದ್ದ. ಇವನಿಗೆ ಸಿಟ್ಟಿಗಿಂತ ಸೋಜಿಗ ದೊಡ್ಡದಾಯಿತು. ಅದೇ ಟ್ರ್ಯಾಕ್ಟರ್, ಅದೇ ಹೊರೆ, ಅದೇ ಏರಿ. ಅವಳಿಗೆ ನಿಲ್ಲುವ ಗೇರು ನನಗೇಕೆ ನಿಲ್ಲುವುದಿಲ್ಲ? ಉಣ್ಣುವಾಗಲೂ ಅದೇ ಯೋಚನೆ. ಗುಜರಿಯ ಮಾತು ಮರೆತೇಹೋಯಿತು. ಮೇಸ್ತ್ರಿಯನ್ನು ಕರೆಸಿ, "ಏನನ್ನೂ ಬದಲಿಸಬೇಡ. ಮುಚ್ಚಳ ತೆಗಿ, ನಾನು ನೋಡಬೇಕು" ಎಂದ.

ಮೂರನೇ ಗೇರಿಗೆ ಹಾಕಿ ಮುಚ್ಚಳ ತೆಗೆದರು. ಹಿಂದಿನ ಒಂದು ಚಕ್ರಕ್ಕೆ ಜ್ಯಾಕ್ ಕೊಟ್ಟು ಎತ್ತಿದರು. ಹೆಂಡತಿ ಸೀಟಿನಲ್ಲಿ ಕೂತು ಕ್ಲಚ್ ತುಳಿದು ಹಿಡಿದಳು. ಮೇಸ್ತ್ರಿ ಚಕ್ರವನ್ನು ಕೈಯಿಂದ ತಿರುಗಿಸಿದ, ಒಳಗಿನ ಗೇರು ನಿಧಾನವಾಗಿ ತಿರುಗಿತು. ಫೋರ್ಕು ತಿರುಗುವ ಗೇರಿನ ಸುತ್ತ ಕೊರೆದ ತೋಡಿನೊಳಗೆ, ಏನನ್ನೂ ಮುಟ್ಟದೆ, ಕೂದಲೆಳೆಯ ಅಂತರದಲ್ಲಿ ನಿಂತಿತ್ತು. ಸದ್ದಿಲ್ಲ. ರೈತ ತಾನು ಗುಂಡನ್ನು ಒತ್ತುವಷ್ಟೇ ಬಲದಿಂದ ಫೋರ್ಕನ್ನು ಬೆರಳಿನಿಂದ ಒತ್ತಿದ. ಕಿರ್ ಎಂದಿತು. ಬೆರಳು ತೆಗೆದ, ಸದ್ದು ನಿಂತಿತು. ಮತ್ತೆ ಒತ್ತಿದ, ಮತ್ತೆ ಕಿರ್ ಎಂದಿತು. ಬೆರಳ ತುದಿಗೆ ಲೋಹದ ಪುಡಿ ಅಂಟಿತ್ತು.

"ಗೇರು ಬಿದ್ದ ಮೇಲೆ ಫೋರ್ಕಿಗೆ ಕೆಲ್ಸ ಇಲ್ಲ ಕಣಣ್ಣ. ಸುಮ್ನೆ ನಿಂತಿದ್ರೆ ಸಾಕು. ಹೊರೆ ಹೊರೋದು ಗೇರಿನ ಹಲ್ಲು" ಎಂದ ಮೇಸ್ತ್ರಿ. "ನೀನು ಹಿಂಗೆ ಒತ್ಕೊಂಡು ಓಡಿಸ್ತೀಯ ಅಂತ ನಂಗೇನು ಗೊತ್ತು?"

ರೈತ ತನ್ನ ಅಂಗೈ ನೋಡಿಕೊಂಡ. ಅಪ್ಪನ ಕಾಲದಲ್ಲಿ ಸ್ಪ್ರಿಂಗು ಸೋತು ಗೇರು ಒಮ್ಮೆ ಜಾರಿದ್ದಿರಬೇಕು. ಹೆದರಿದ ಅಪ್ಪ ಒತ್ತಿ ಹಿಡಿದಿದ್ದ. ಒತ್ತಿದ್ದಕ್ಕೆ ಸವೆದಿತ್ತು, ಸವೆದದ್ದಕ್ಕೆ ಜಾರಿತ್ತು, ಜಾರಿದ್ದಕ್ಕೆ ಮಗ ಇನ್ನೂ ಗಟ್ಟಿಯಾಗಿ ಒತ್ತಿದ್ದ. ಅವನಿಗೆ ನಾಚಿಕೆಯಾಯಿತು. ಅಪ್ಪನ ಮೇಲೆ ಮಾತ್ರ ಬೇಸರವಾಗಲಿಲ್ಲ.

ಇನ್ನೊಂದು ಫೋರ್ಕು ಹಾಕಿಸಿದ. ಹೊರೆ ತುಂಬಿ ಏರಿ ಹತ್ತಿದ. ಇಳಿಜಾರಿನ ತುದಿಯಲ್ಲಿ ಮೂರನೇ ಗೇರಿಗೆ ಹಾಕಿ ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದ. ಅಂಗೈ ಗುಂಡಿನ ಕಡೆಗೆ ಎಳೆಯುತ್ತಿತ್ತು. ಹೆಂಡತಿ ಮಡ್‌ಗಾರ್ಡಿನ ಮೇಲಿಂದ ಅವನ ಕೈಯನ್ನೇ ನೋಡುತ್ತಿದ್ದಳು. ಭಯವಾಯಿತು, ಕೆಳಗೆ ಮುಟ್ಟುವವರೆಗೂ ಭಯ ಹೋಗಲಿಲ್ಲ. ಆದರೆ ಕೈ ಕದಲಲಿಲ್ಲ. ಗೇರೂ ಕದಲಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ನಿರ್ವಾಣಯ್ಯ ಕತೆಯಲ್ಲಿ ಎಷ್ಟು ಮುಳುಗಿದ್ದನೆಂದರೆ ದೂರು ಹೇಳಲು ಬಂದದ್ದನ್ನೇ ಮರೆತಿದ್ದ. "ಚೆನ್ನಾಗಿದೆ ಗುರುಗಳೇ" ಎಂದ. "ಆ ರೈತನಿಗೆ ಮೊದಲೇ ತಿಳಿಯಬಾರದಿತ್ತೇ? ಕೈ ಅವನದೇ ತಾನೆ?" ಆಮೇಲೆ ನೆನಪಾಗಿ, "ಮರಿದೇವಯ್ಯನ ವಿಷಯ ಏನು ಮಾಡಲಿ?" ಎಂದು ಕೇಳಿದ.

ಗುರುಗಳು ಅಂಗಳದ ಬಿಸಿಲು ನೋಡಿದರು. ನೆರಳು ಕಾಲಡಿಗೆ ಬಂದಿತ್ತು.

"ಉಣ್ಣುವ ಹೊತ್ತಾಯಿತಲ್ಲ ನಿರ್ವಾಣಯ್ಯ, ಉಗ್ರಾಣದ ಕೀಲಿ ಇಲ್ಲಿ ನಿನ್ನ ಸೊಂಟದಲ್ಲಿರುವಾಗ ಅಲ್ಲಿ ಅವನು ಏನು ಬೇಯಿಸುತ್ತಾನೆ?"

ನಿರ್ವಾಣಯ್ಯನ ಕೈ ಸೊಂಟದ ಮೇಲೆ ಹೋಗಿ ನಿಂತಿತು.